ಮೈದಾನ ಮನೆ ಪಕ್ಕದಲ್ಲೇ ಇದೆ, ಟಿಕೆಟ್ ಎಲ್ಲಿ?

2025ರ ಆಗಸ್ಟ್ 4, ಸೋಮವಾರ. ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ–ಇಂಗ್ಲೆಂಡ್ ಸರಣಿಯ ಕೊನೆಯ ಟೆಸ್ಟಿನ ಐದನೇ ದಿನ. ಇಂಗ್ಲೆಂಡಿಗೆ ಬೇಕಾಗಿದ್ದದ್ದು 35 ರನ್, ಭಾರತಕ್ಕೆ ನಾಲ್ಕು ವಿಕೆಟ್. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದ ಆಟ ಗಂಟೆ ತುಂಬುವ ಮೊದಲೇ ಮುಗಿಯಿತು. ಸಿರಾಜ್ ಮೂರು ವಿಕೆಟ್ ಕಿತ್ತರು, ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಒಂದು. ಭುಜ ಜಾರಿದ್ದ ಕ್ರಿಸ್ ವೋಕ್ಸ್ ಎಡಗೈಯನ್ನು ಜೋಳಿಗೆಯಂತೆ ಕಟ್ಟಿಕೊಂಡೇ ಬ್ಯಾಟ್ ಹಿಡಿದು ಬಂದರು. ಭಾರತ 6 ರನ್ನುಗಳಿಂದ ಗೆದ್ದು ಸರಣಿ 2–2 ಆಯಿತು.

ಆ ಒಂದು ಗಂಟೆಯನ್ನು ಕಣ್ಣಾರೆ ಕಾಣುವ ಅವಕಾಶ ಯಾರಿಗೆ ಹೆಚ್ಚು? ಊರಿನಿಂದ ವಿಮಾನ ಹತ್ತಿ ಬರುವವರು ಸಾಮಾನ್ಯವಾಗಿ ಮೊದಲ ದಿನವನ್ನೋ ಶನಿವಾರವನ್ನೋ ಹಿಡಿಯುತ್ತಾರೆ. ಹೋಟೆಲು, ವಾಪಸು ಟಿಕೆಟು, ರಜೆ ಎಲ್ಲವೂ ಮೊದಲೇ ಗೊತ್ತುಮಾಡಿಕೊಂಡ ಲೆಕ್ಕ. ಸೋಮವಾರ ಬೆಳಿಗ್ಗೆ ಆಟ ಉಳಿದಿದೆ ಎಂದು ಭಾನುವಾರ ರಾತ್ರಿ ಗೊತ್ತಾದರೆ, ಮ್ಯಾನೇಜರಿಗೆ ಒಂದು ಮೇಲ್ ಹಾಕಿ ಅರ್ಧ ದಿನದ ರಜೆ ಪಡೆದು, ಟ್ಯೂಬ್ ರೈಲು ಹತ್ತಿ ಹೋಗಬಲ್ಲವರು ಅಲ್ಲೇ ಮನೆ ಮಾಡಿಕೊಂಡವರು.

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಪ್ರವಾಸಿಗರ ಹತ್ತಿರ ಇಲ್ಲದ ಒಂದು ಆಸ್ತಿ ನಿಮ್ಮ ಹತ್ತಿರ ಇದೆ, ಅದು ಸಮಯ. ಬ್ಯಾಲಟ್‌ಗೆ ಹೆಸರು ಕೊಟ್ಟು ತಿಂಗಳುಗಟ್ಟಲೆ ಕಾಯಬಹುದು, ವಾರದ ನಡುವಿನ ಪಂದ್ಯಕ್ಕೆ ಹೋಗಬಹುದು, ಕೆಲಸ ಮುಗಿಸಿ ಸಂಜೆ ಐದರ ಮೇಲೂ ಒಳಗೆ ಹೋಗಬಹುದು. ಆದರೂ ನಮ್ಮವರಲ್ಲಿ ಎಷ್ಟೋ ಜನ ಫೈನಲ್ ಟಿಕೆಟ್ಟಿಗೇ ಜೋತುಬಿದ್ದು, ಅದು ಸಿಗದಿದ್ದಾಗ ಸೋಫಾದಲ್ಲೇ ಉಳಿಯುತ್ತಾರೆ. ನಾನು ಚೆನ್ನಾಗಿ ಬಲ್ಲ ಇಂಗ್ಲೆಂಡನ್ನು ಮುಂದಿಟ್ಟುಕೊಂಡು ಈ ಕೈಪಿಡಿ ಬರೆದಿದ್ದೇನೆ. ಬೇರೆ ದೇಶದಲ್ಲಿರುವವರಿಗೂ ಇದರ ಬಹುಪಾಲು ಒದಗುತ್ತದೆ.

ಬ್ಯಾಲಟ್ ಎಂದರೆ ತತ್ಕಾಲ್ ಅಲ್ಲ

ರೈಲಿನ ತತ್ಕಾಲ್ ಟಿಕೆಟ್ ತೆಗೆದು ಅಭ್ಯಾಸವಾದ ನಮಗೆ ಟಿಕೆಟ್ ಎಂದರೆ ಹತ್ತು ಗಂಟೆಗೆ ಸರಿಯಾಗಿ ಬಟನ್ ಒತ್ತುವ ಓಟ. ದೊಡ್ಡ ಪಂದ್ಯಗಳಿಗೆ ಇಂಗ್ಲೆಂಡಿನಲ್ಲಿ ಆ ಓಟ ಕಡಿಮೆ. ಲಾರ್ಡ್ಸ್‌ನಲ್ಲಿ ನಡೆಯುವ ಭಾರತದ ಟೆಸ್ಟು, ವಿಂಬಲ್ಡನ್ನಿನ ಸೆಂಟರ್ ಕೋರ್ಟು, ಇವಕ್ಕೆಲ್ಲ ಬ್ಯಾಲಟ್ ಇರುತ್ತದೆ. ಬ್ಯಾಲಟ್ ಎಂದರೆ ಚೀಟಿ ಎತ್ತುವುದು. ಗಡುವಿನೊಳಗೆ ಮೊದಲ ದಿನ ಹೆಸರು ಕೊಟ್ಟವರಿಗೂ ಕೊನೆಯ ದಿನ ಕೊಟ್ಟವರಿಗೂ ಸಮಾನ ಅವಕಾಶ. ವಿಂಬಲ್ಡನ್ನಿನಲ್ಲಿ ಈ ಪದ್ಧತಿ 1924ರಿಂದಲೂ ಇದೆ.

ಇಲ್ಲಿ ಎಡವುವುದು ವೇಗದಲ್ಲಲ್ಲ, ಮರೆವಿನಲ್ಲಿ. ಬೇಸಿಗೆಯ ಪಂದ್ಯಕ್ಕೆ ಬ್ಯಾಲಟ್ ತೆರೆಯುವುದು ಸಾಮಾನ್ಯವಾಗಿ ಅದರ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಹೊರಗೆ ಚಳಿ, ಮಳೆ, ನಾಲ್ಕಕ್ಕೇ ಕತ್ತಲು. ಜುಲೈ ತಿಂಗಳ ಟೆನಿಸ್ ಯಾರಿಗೆ ನೆನಪಾಗುತ್ತದೆ? ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಆಯಾ ಮೈದಾನದ, ಆಯಾ ಸಂಸ್ಥೆಯ ಅಧಿಕೃತ ತಾಣದಲ್ಲಿ ಖಾತೆ ತೆರೆದು, ಅವರ ಮೇಲ್ ಪಟ್ಟಿಗೆ ಸೇರುವುದು. ಮನೆಯ ವಯಸ್ಕರೆಲ್ಲ ಬೇರೆಬೇರೆಯಾಗಿ ಹೆಸರು ಕೊಡಬಹುದೇ, ಒಂದೇ ವಿಳಾಸಕ್ಕೆ ಒಂದೇ ಅರ್ಜಿಯೇ ಎಂಬುದನ್ನು ನಿಯಮದಲ್ಲಿ ಓದಿಕೊಳ್ಳಿ. ಎರಡು ಸಲ ಅರ್ಜಿ ಹಾಕಿದ್ದಕ್ಕೆ ಎರಡೂ ರದ್ದಾದರೆ ವರ್ಷ ಹೋದಂತೆ.

ವಿಂಬಲ್ಡನ್ ಬ್ಯಾಲಟ್ ಗೆದ್ದರೂ ದಿನ ಮತ್ತು ಕೋರ್ಟನ್ನು ಆರಿಸಿಕೊಳ್ಳುವಂತಿಲ್ಲ. ಅವರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಇಲ್ಲವೇ ಬಿಡಬೇಕು. ಗೆದ್ದವರಿಗೆ ಬರುವ ಮೇಲ್‌ನಲ್ಲಿ ಹಣ ಕಟ್ಟುವ ಕೊನೆಯ ದಿನ ಇರುತ್ತದೆ. ಆ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದು ಟಿಕೆಟ್ ಕಳೆದುಕೊಂಡವರ ಕಥೆ ಪ್ರತಿ ಕನ್ನಡ ಕೂಟದ ಊಟದ ಸಾಲಿನಲ್ಲಿ ಒಂದಾದರೂ ಸಿಗುತ್ತದೆ.

ಇನ್ನೊಂದು ದಾರಿ ಸದಸ್ಯತ್ವ. ಲಾರ್ಡ್ಸ್ ಮೈದಾನದ ಒಡೆತನ ಇರುವುದು 1787ರಲ್ಲಿ ಹುಟ್ಟಿದ ಎಂಸಿಸಿ ಕ್ಲಬ್ಬಿಗೆ. ಅದರ ಸದಸ್ಯತ್ವಕ್ಕೆ ಹೆಸರು ಕೊಟ್ಟರೆ ದಶಕಗಟ್ಟಲೆ ಕಾಯಬೇಕು, ಅದನ್ನು ಮಕ್ಕಳಿಗೆ ಬಿಡೋಣ. ಆದರೆ ಕೌಂಟಿ ಕ್ಲಬ್ಬುಗಳ ಸದಸ್ಯತ್ವ ಅಷ್ಟು ದುರ್ಲಭವಲ್ಲ. ಓವಲ್ ಮೈದಾನದ ಸರ್ರೆ, ಎಜ್‌ಬಾಸ್ಟನ್ನಿನ ವಾರ್ವಿಕ್‌ಶೈರ್‌ನಂಥ ಕ್ಲಬ್ಬುಗಳು ಸದಸ್ಯರಿಗೆ ಸಾರ್ವಜನಿಕರಿಗಿಂತ ಮುಂಚೆ ಅಂತರರಾಷ್ಟ್ರೀಯ ಟಿಕೆಟ್ ಕೊಳ್ಳಲು ಅವಕಾಶ ಕೊಡುತ್ತವೆ. ಕೌಂಟಿ ಪಂದ್ಯಗಳನ್ನೂ ನೋಡುವವರಾದರೆ ಹಾಕಿದ ದುಡ್ಡು ಹುಟ್ಟುತ್ತದೆ.

ಎರಡನೇ ಕೈಯಿಂದ ಕೊಳ್ಳುವ ಮುನ್ನ ಯೋಚಿಸಿ. ವಾಟ್ಸ್ಯಾಪ್ ಗುಂಪಿನಲ್ಲಿ ‘ಎರಡು ಟಿಕೆಟ್ ಇದೆ, ಬೇಕಾ?’ ಎಂದವರು ಪರಿಚಿತರಾಗಿದ್ದರೂ ಸ್ಕ್ರೀನ್‌ಶಾಟ್ ತೆಗೆದುಕೊಂಡು ದುಡ್ಡು ಕಳಿಸಬೇಡಿ. ಈಗಿನ ಟಿಕೆಟ್ಟುಗಳು ಹೆಚ್ಚಾಗಿ ಆ್ಯಪ್ ಒಳಗೇ ಇರುತ್ತವೆ. ಆ್ಯಪ್ ಮೂಲಕವೇ ನಿಮ್ಮ ಹೆಸರಿಗೆ ವರ್ಗವಾದರೆ ಮಾತ್ರ ಅದು ನಿಮ್ಮದು. ಫುಟ್‌ಬಾಲ್ ವಿಷಯದಲ್ಲಂತೂ ಕಾನೂನೇ ಅಡ್ಡ ಇದೆ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಬರಲಾಗದವರು ಟಿಕೆಟ್ ಹಿಂದಿರುಗಿಸಲು ಅಧಿಕೃತ ಮರುಮಾರಾಟದ ವ್ಯವಸ್ಥೆ ಬಹುತೇಕ ಎಲ್ಲ ದೊಡ್ಡ ಪಂದ್ಯಗಳಿಗೂ ಇದೆ. ಪಂದ್ಯದ ಹಿಂದಿನ ಎರಡು ದಿನ ಅದನ್ನು ಆಗಾಗ ತೆರೆದು ನೋಡುತ್ತಿದ್ದರೆ ಒಂದು ಸೀಟು ಕಣ್ಣಿಗೆ ಬಿದ್ದೇ ಬೀಳುತ್ತದೆ ಎನ್ನಲಾರೆ, ಆದರೆ ನನಗೆ ಎರಡು ಸಲ ಬಿದ್ದಿದೆ.

ಯಾವ ದಿನ, ಯಾವ ಪಂದ್ಯ?

ಟೆಸ್ಟಿಗೆ ಹೋಗುವುದಾದರೆ ನಾಲ್ಕನೇ ದಿನ ನನ್ನ ಆಯ್ಕೆ. ಟಿಕೆಟ್ ಮೊದಲ ಮೂರು ದಿನಗಳಿಗಿಂತ ಸುಲಭ, ಪಂದ್ಯ ಒಂದು ರೂಪಕ್ಕೆ ಬಂದಿರುತ್ತದೆ. ಐದನೇ ದಿನದ ಟಿಕೆಟ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ದೊಡ್ಡ ಜೂಜು. ಪಂದ್ಯ ಮೂರೇ ದಿನಕ್ಕೆ ಮುಗಿದರೆ ಆ ದಿನ ಆಟವೇ ಇಲ್ಲ. ಓವಲ್ಲಿನಂತೆ ಕುದುರಿದರೆ ಜನ್ಮಕ್ಕೆ ಸಾಕು.

ಮಳೆಯ ಲೆಕ್ಕವನ್ನೂ ತಿಳಿದಿರಿ. ಇಂಗ್ಲೆಂಡಿನ ಟೆಸ್ಟುಗಳಲ್ಲಿ ದಿನಕ್ಕೆ 90 ಓವರು ನಿಗದಿ. ಮಳೆಯಿಂದ 15 ಓವರೂ ಆಗದಿದ್ದರೆ ಟಿಕೆಟ್ಟಿನ ಪೂರ್ತಿ ಹಣ, 30 ಓವರಿಗಿಂತ ಕಡಿಮೆಯಾದರೆ ಅರ್ಧ ಹಣ ವಾಪಸು ಕೊಡುವ ಪದ್ಧತಿ ಇದೆ. ಹಣ ಹೋಗುವುದು ಟಿಕೆಟ್ ಕೊಂಡವರ ಕಾರ್ಡಿಗೆ. ಗೆಳೆಯರ ಹೆಸರಲ್ಲಿ ಕೊಂಡಿದ್ದರೆ ಅವರನ್ನು ಕೇಳಿ ಪಡೆಯುವ ಸಂಕೋಚ ನಿಮ್ಮದು.

ಕ್ರಿಕೆಟ್ಟಿನಾಚೆಗೂ ಕಣ್ಣು ಹಾಯಿಸಿ. 1980ರ ಮಾರ್ಚಿನಲ್ಲಿ ಪ್ರಕಾಶ್ ಪಡುಕೋಣೆ ಇಂಡೊನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದದ್ದು ಲಂಡನ್ನಿನ ವೆಂಬ್ಲಿಯಲ್ಲಿ. ಅದೇ ಟೂರ್ನಿ 1994ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರತಿ ಮಾರ್ಚಿನಲ್ಲಿ ನಡೆಯುತ್ತದೆ. ಮೊದಲೆರಡು ದಿನ ಹಲವು ಕೋರ್ಟುಗಳಲ್ಲಿ ಏಕಕಾಲಕ್ಕೆ ಆಟ. ಒಂದೇ ಟಿಕೆಟ್ಟಿನಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಜಗತ್ತಿನ ಶ್ರೇಷ್ಠರನ್ನೆಲ್ಲ ನೋಡಬಹುದು. ಚಾವಣಿಯ ಕೆಳಗಾದ್ದರಿಂದ ಮಳೆಯ ಕಾಟವಿಲ್ಲ. ಟಿವಿಯಲ್ಲಿ ಬ್ಯಾಡ್ಮಿಂಟನ್ ಷಟಲ್ಲಿನ ವೇಗ ತಿಳಿಯುವುದೇ ಇಲ್ಲ. ಸ್ಮ್ಯಾಶ್‌ನ ಸದ್ದು ಕಿವಿಗೆ ಬಿದ್ದಾಗಲೇ ಅದರ ಪೆಟ್ಟು ಗೊತ್ತಾಗುವುದು.

ಮಹಿಳೆಯರ ಪಂದ್ಯಗಳು, ಲೀಗ್ ಹಂತದ ಪಂದ್ಯಗಳು, ಸಣ್ಣ ತಂಡಗಳ ಪಂದ್ಯಗಳು ಮಕ್ಕಳೊಂದಿಗೆ ಹೋಗಲು ಹೇಳಿಮಾಡಿಸಿದಂತಿರುತ್ತವೆ. ದರ ಕಡಿಮೆ, ಸೀಟು ಹತ್ತಿರ. ಇಂಥಲ್ಲಿ ಊರೂ ಎದುರಾಗುವುದುಂಟು. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ತಂಡದ ಅಂಗಿಯ ತೋಳಿನ ಮೇಲೆ ಕನ್ನಡ ಅಕ್ಷರದಲ್ಲೇ ‘ನಂದಿನಿ’ ಎಂದಿತ್ತು. ನಮ್ಮ ಹಾಲಿನ ಮಂಡಳಿ ಆಗ ಆ ತಂಡದ ಪ್ರಾಯೋಜಕವಾಗಿತ್ತು.

ವಿಂಬಲ್ಡನ್ನಿನ ಸಾಲು

ಬ್ಯಾಲಟ್ ಕೈಕೊಟ್ಟವರಿಗೆ ವಿಂಬಲ್ಡನ್ ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಅದರ ಹೆಸರೇ ಕ್ಯೂ. ಪ್ರತಿದಿನ ಸೆಂಟರ್ ಕೋರ್ಟ್, ನಂಬರ್ 1, ನಂಬರ್ 2 ಕೋರ್ಟುಗಳಿಗೆ ಸುಮಾರು 500ರಂತೆ ಟಿಕೆಟ್ಟುಗಳನ್ನು ಸಾಲಿನಲ್ಲಿ ನಿಂತವರಿಗಾಗಿಯೇ ಎತ್ತಿಡುತ್ತಾರೆ. ಕೊನೆಯ ನಾಲ್ಕು ದಿನ ಸೆಂಟರ್ ಕೋರ್ಟಿಗೆ ಇದಿಲ್ಲ. ಇವಲ್ಲದೆ ಹೊರಗಿನ ಸಣ್ಣ ಕೋರ್ಟುಗಳ ಆಟ ನೋಡಲು ಸಾವಿರಾರು ಗ್ರೌಂಡ್ ಪಾಸುಗಳೂ ಇವೆ. 2025ರಲ್ಲಿ ಗ್ರೌಂಡ್ ಪಾಸಿನ ದರ 30 ಪೌಂಡ್ ಇತ್ತು.

ಹೋಗುವುದು ಹೀಗೆ. ಡಿಸ್ಟ್ರಿಕ್ಟ್ ಲೈನಿನ ಸೌತ್‌ಫೀಲ್ಡ್ಸ್ ನಿಲ್ದಾಣದಲ್ಲಿ ಇಳಿಯಿರಿ. ವಿಂಬಲ್ಡನ್ ಎಂಬ ಹೆಸರಿನ ನಿಲ್ದಾಣ ಬೇರೆಯೇ ಇದೆ, ಅದು ದೂರ. ಸೌತ್‌ಫೀಲ್ಡ್ಸ್‌ನಿಂದ ನಡೆದು ವಿಂಬಲ್ಡನ್ ಪಾರ್ಕಿನ ಹುಲ್ಲಿಗೆ ಬಂದರೆ ಸಾಲಿನ ಬಾಲ ತೋರಿಸುವ ಸ್ವಯಂಸೇವಕರು ಸಿಗುತ್ತಾರೆ. ತಲೆಗೊಂದು ಕಾರ್ಡ್ ಕೊಡುತ್ತಾರೆ, ಅದರ ಮೇಲೆ ದಿನಾಂಕ ಮತ್ತು ಸಂಖ್ಯೆ. ಆ ಸಂಖ್ಯೆಯೇ ನಿಮ್ಮ ಭವಿಷ್ಯ. ನಮ್ಮ ಸಾರಿಗೆ ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಒಬ್ಬರು ಬಂದು ನಾಲ್ವರಿಗೆ ಜಾಗ ಹಿಡಿಯುವಂತಿಲ್ಲ, ಕಾರ್ಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಶೌಚಕ್ಕೋ ಕಾಫಿಗೋ ಎದ್ದು ಹೋದರೆ ಅರ್ಧ ಗಂಟೆಯೊಳಗೆ ವಾಪಸಾಗಬೇಕು.

ಸೆಂಟರ್ ಕೋರ್ಟ್ ಬೇಕೆಂದರೆ ಹಿಂದಿನ ದಿನವೇ ಬಂದು ಡೇರೆ ಹಾಕಬೇಕು. ಇಬ್ಬರು ಮಲಗುವಷ್ಟು ಸಣ್ಣ ಡೇರೆಗೆ ಮಾತ್ರ ಅವಕಾಶ, ಒಲೆ ಹಚ್ಚುವಂತಿಲ್ಲ. ಬೆಳಕು ಹರಿಯುತ್ತಿದ್ದಂತೆ ಮೇಲ್ವಿಚಾರಕರು ಡೇರೆಗಳ ಬಳಿ ಬಂದು ಎಬ್ಬಿಸುತ್ತಾರೆ. ಡೇರೆ ಮಡಚಿ, ಸಾಮಾನು ಕೊಠಡಿಯಲ್ಲಿ ಶುಲ್ಕ ಕೊಟ್ಟು ಇಟ್ಟು, ಸಾಲು ಒತ್ತಾಗಬೇಕು. ನಾನು ಮೊದಲ ಸಲ ಹೋದಾಗ ಜುಲೈ ತಿಂಗಳಲ್ಲವೇ ಎಂದು ತೆಳು ಹೊದಿಕೆ ಒಯ್ದಿದ್ದೆ. ರಾತ್ರಿ ಎರಡರ ಹೊತ್ತಿಗೆ ಇಬ್ಬನಿ ಇಳಿದು, ಹುಲ್ಲಿನ ತೇವ ಚಾಪೆಯ ಮೂಲಕ ಬೆನ್ನಿಗೆ ಹತ್ತಿತು. ಪಕ್ಕದ ಡೇರೆಯ ವಯಸ್ಸಾದ ದಂಪತಿ ಒಂದು ಹಳೆಯ ಪತ್ರಿಕೆಯ ಕಟ್ಟು ಕೊಟ್ಟು, ಅದನ್ನು ಚಾಪೆಯ ಕೆಳಗೆ ಹಾಸು ಎಂದರು. ಅವರಿಗೆ ಈ ಸಾಲಿನ ಅನುಭವ ಹಲವು ವರ್ಷಗಳದ್ದು. ನಾನು ಗೋಡಂಬಿ ಬರ್ಫಿ ಕೊಟ್ಟೆ. ಬೆಳಗಾಗುವಷ್ಟರಲ್ಲಿ ಯಾವ ಕೋರ್ಟಿನ ಯಾವ ಮೂಲೆಯಲ್ಲಿ ನೆರಳು ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬ ಪಾಠವೂ ಆಯಿತು.

ಡೇರೆ ಬೇಡ ಎನ್ನುವವರು ಗ್ರೌಂಡ್ ಪಾಸಿಗೆ ಬೆಳಗಿನ ಮೊದಲ ಟ್ಯೂಬ್ ಹಿಡಿದು ಬರಬಹುದು. ಗೇಟು ತೆರೆಯುವುದು ಹತ್ತಕ್ಕೆ, ಹೊರಗಿನ ಸಣ್ಣ ಕೋರ್ಟುಗಳಲ್ಲಿ ಆಟ ಹನ್ನೊಂದಕ್ಕೆ. ಮೊದಲ ವಾರ ಬನ್ನಿ. ಎರಡನೇ ವಾರಕ್ಕೆ ದೊಡ್ಡ ಹೆಸರುಗಳೆಲ್ಲ ದೊಡ್ಡ ಕೋರ್ಟುಗಳಿಗೆ ಸೇರಿಬಿಡುತ್ತವೆ. ಮೊದಲ ವಾರದಲ್ಲಾದರೆ ಡಬಲ್ಸ್ ಆಟಗಾರರು ಹೊರಗಿನ ಕೋರ್ಟಿನಲ್ಲಿ ನಿಮ್ಮಿಂದ ಕೆಲವೇ ಅಡಿ ದೂರದಲ್ಲಿ ಸರ್ವ್ ಮಾಡುತ್ತಿರುತ್ತಾರೆ. ಕೊಡಗಿನ ರೋಹನ್ ಬೋಪಣ್ಣ 2023ರಲ್ಲಿ, 43ರ ವಯಸ್ಸಿನಲ್ಲಿ, ಇಲ್ಲಿ ಡಬಲ್ಸ್ ಸೆಮಿಫೈನಲ್ ತಲುಪಿದ್ದರು. ಡಬಲ್ಸ್ ಆಟದ ಸೊಗಸು ಕಾಣಬೇಕಾದರೆ ಸಣ್ಣ ಕೋರ್ಟಿನ ಬೆಂಚಿಗಿಂತ ಒಳ್ಳೆಯ ಜಾಗ ಇಲ್ಲ.

ಗ್ರೌಂಡ್ ಪಾಸಿನವರಿಗೆ ಸಂಜೆ ಇನ್ನೊಂದು ಅವಕಾಶ ಇದೆ. ಬೇಗ ಮನೆಗೆ ಹೊರಟವರು ಬಿಟ್ಟುಕೊಟ್ಟ ದೊಡ್ಡ ಕೋರ್ಟಿನ ಸೀಟುಗಳನ್ನು ಮರುಮಾರಾಟದ ಕಿಟಕಿಯಲ್ಲಿ ಹತ್ತು–ಹದಿನೈದು ಪೌಂಡಿಗೆ ಕೊಡುತ್ತಾರೆ, ಬಂದ ಹಣ ಧರ್ಮಕಾರ್ಯಕ್ಕೆ ಹೋಗುತ್ತದೆ. ಅದಕ್ಕೂ ಸರದಿ ಇದೆ, ಈಗ ಅದನ್ನು ಆ್ಯಪ್‌ನಲ್ಲೇ ಹಿಡಿಯಬೇಕು. ಸಂಜೆ ಐದರ ಮೇಲೆ ಗ್ರೌಂಡ್ ಪಾಸಿನ ದರವೂ ಇಳಿಯುತ್ತದೆ. ಜೂನ್–ಜುಲೈಯಲ್ಲಿ ಲಂಡನ್ನಿನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ. ಆಫೀಸು ಮುಗಿಸಿ ಬಂದವರಿಗೂ ಮೂರು ಗಂಟೆಯ ಟೆನಿಸ್ ಸಿಗುತ್ತದೆ. ಸ್ಟ್ರಾಬೆರಿ–ಕ್ರೀಮ್ ತಿನ್ನದೆ ಬರಬೇಡಿ. ಹದಿನೈದು ವರ್ಷ ಎರಡೂವರೆ ಪೌಂಡಿನಲ್ಲೇ ನಿಂತಿದ್ದ ಅದರ ಬೆಲೆ 2025ರಲ್ಲಿ 2.70 ಆಯಿತು. ಒಳಗೆ ಸಿಗುವ ತಿಂಡಿಗಳಲ್ಲಿ ಜೇಬಿಗೆ ಭಾರವಾಗದ್ದು ಅದೊಂದೇ ಎನ್ನಬೇಕು.

ಗೇಟಿನ ಮುಂದೆ, ಸೀಟಿನ ಮೇಲೆ

ಚೀಲ ಸಣ್ಣದಿರಲಿ. ಪ್ರತಿ ಮೈದಾನವೂ ಚೀಲದ ಅಳತೆ ಹೇಳಿರುತ್ತದೆ. ವಿಂಬಲ್ಡನ್ನಿನಲ್ಲಿ 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ ಮೀರುವಂತಿಲ್ಲ. ಇಂಗ್ಲೆಂಡಿನ ಕ್ರಿಕೆಟ್ ಮೈದಾನಗಳ ಒಂದು ದೊಡ್ಡ ಗುಣ ಎಂದರೆ ಮನೆಯ ಊಟ ಒಯ್ಯಲು ಬಿಡುವುದು. ಚಿತ್ರಾನ್ನ, ಪುಳಿಯೋಗರೆ, ಚಪಾತಿ–ಪಲ್ಯ ಎಲ್ಲವೂ ನಡೆಯುತ್ತದೆ. ಆದರೆ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ತಂದರೆ ತಪಾಸಣೆಯವರು ಪ್ರತಿ ಡಬ್ಬಿಯನ್ನೂ ತೆರೆಸುತ್ತಾರೆ, ಹಿಂದಿನವರು ನಿಟ್ಟುಸಿರು ಬಿಡುತ್ತಾರೆ. ತೆಳು ಪ್ಲಾಸ್ಟಿಕ್ ಡಬ್ಬಿಯೇ ಸರಿ. ಗಾಜಿನ ಸೀಸೆ ಬೇಡ. ಖಾಲಿ ನೀರಿನ ಬಾಟಲಿ ಒಯ್ದು ಒಳಗಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಿ. ಮೊಸರನ್ನಕ್ಕೆ ಚಮಚ ಮರೆಯಬೇಡಿ.

ಬಟ್ಟೆಯ ವಿಷಯದಲ್ಲಿ ಇಂಗ್ಲೆಂಡಿನ ಬೇಸಿಗೆಯನ್ನು ನಂಬಬೇಡಿ. ಒಂದೇ ದಿನದಲ್ಲಿ ಬಿಸಿಲು, ಗಾಳಿ, ಜಡಿಮಳೆ ಮೂರೂ ಆಗುತ್ತವೆ. ಸನ್‌ಸ್ಕ್ರೀನ್, ಟೋಪಿ, ಸ್ವೆಟರ್, ಮಡಚುವ ರೇನ್‌ಕೋಟ್ ಒಟ್ಟಿಗೇ ಇರಲಿ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಆಟ ಕಾಣುವುದಿಲ್ಲ, ಆದ್ದರಿಂದ ರೇನ್‌ಕೋಟೇ ಮೇಲು.

ಸೀಟಿಗೆ ಹೋಗಿ ಬರುವುದಕ್ಕೂ ಒಂದು ಶಿಷ್ಟಾಚಾರ ಇದೆ. ಟೆಸ್ಟಿನಲ್ಲಿ ಓವರ್ ಮುಗಿಯುವವರೆಗೆ, ವಿಂಬಲ್ಡನ್ನಿನಲ್ಲಿ ಆಟಗಾರರು ತುದಿ ಬದಲಿಸುವವರೆಗೆ ಮೆಟ್ಟಿಲಿನ ಬಳಿಯೇ ನಿಲ್ಲಬೇಕು. ಅವಸರದಲ್ಲಿ ನುಗ್ಗಿದರೆ ಯಾರೂ ಬೈಯುವುದಿಲ್ಲ, ಆದರೆ ಇಡೀ ಸಾಲು ತಿರುಗಿ ನೋಡುತ್ತದೆ. ಬೈದರೇ ವಾಸಿ ಎನಿಸುತ್ತದೆ. ಲಾರ್ಡ್ಸ್‌ನಲ್ಲಿ ಬಾವುಟ, ಬ್ಯಾನರು, ವಾದ್ಯಗಳಿಗೆ ಪ್ರವೇಶವಿಲ್ಲ. ತಮಟೆ, ಡೋಲು ಬೇಕೆನ್ನುವವರು ಬೇರೆ ಮೈದಾನಗಳಲ್ಲಿ ಭಾರತ್ ಆರ್ಮಿ ಕೂರುವ ಕಡೆ ಟಿಕೆಟ್ ಹುಡುಕಬೇಕು. ಆ ಅಭಿಮಾನಿ ಬಳಗ ಹುಟ್ಟಿದ್ದು 1999ರ ವಿಶ್ವಕಪ್ ಹೊತ್ತಿನಲ್ಲಿ, ಇಂಗ್ಲೆಂಡಿನಲ್ಲೇ. ಫುಟ್‌ಬಾಲಿಗೆ ಹೋಗುವುದಾದರೆ ಎದುರು ತಂಡದ ಅಂಗಿ ತೊಟ್ಟು ತವರು ತಂಡದ ಸ್ಟ್ಯಾಂಡಿನಲ್ಲಿ ಕೂರಬೇಡಿ, ಹೊರಗೆ ಕಳಿಸಿಬಿಡಬಹುದು.

ಇಷ್ಟೆಲ್ಲ ಕಟ್ಟುನಿಟ್ಟೇಕೆ ಎಂದು ಕೇಳಬಹುದು. 1989ರ ಏಪ್ರಿಲಿನಲ್ಲಿ ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿಗೆ 97 ಜನ ಬಲಿಯಾದರು. ಆಮೇಲೆ ಬಂದ ಟೇಲರ್ ವರದಿ ದೊಡ್ಡ ಫುಟ್‌ಬಾಲ್ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಇರಬೇಕೆಂದಿತು. ಎಷ್ಟು ಜನ ಒಳಗಿದ್ದಾರೆಂದು ಗೇಟಿನಲ್ಲೇ ಎಣಿಸುವುದು, ದಾರಿಯಲ್ಲಿ ನಿಂತವರನ್ನು ಚದುರಿಸುವುದು ಇಲ್ಲಿ ಗಟ್ಟಿಯಾಗಿ ಬೇರೂರಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಹೋದದ್ದನ್ನು ಕಂಡ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಸ್ಟ್ಯೂವರ್ಡ್ ‘ಈ ಗೇಟಲ್ಲ, ಆ ಗೇಟು’ ಎಂದರೆ ವಾದಿಸದೆ ನಡೆಯಿರಿ. ಟಿಕೆಟ್ಟಿನ ಮೇಲೆ ಬರೆದಿರುವ ಗೇಟಿನ ಸಂಖ್ಯೆಯನ್ನು ಮನೆಯಲ್ಲೇ ನೋಡಿಕೊಂಡು ಹೊರಡಿ, ಆಟ ಶುರುವಾಗುವ ಒಂದು ಗಂಟೆ ಮೊದಲು ತಲುಪಿ.

ಅಪ್ಪ–ಅಮ್ಮ ಬಂದಾಗ

ಬೇಸಿಗೆಯಲ್ಲಿ ಊರಿನಿಂದ ತಂದೆ–ತಾಯಿ ಬರುವುದು, ಅಪ್ಪನಿಗೆ ಲಾರ್ಡ್ಸ್ ನೋಡುವ ಆಸೆ ಇರುವುದು, ಎರಡೂ ಸಾಮಾನ್ಯ. ಇಡೀ ದಿನದ ಆಟ ಎಪ್ಪತ್ತು ದಾಟಿದವರಿಗೆ ದಣಿವು. ಟಿಕೆಟ್ ಕೊಳ್ಳುವಾಗಲೇ ಮೆಟ್ಟಿಲು ಕಡಿಮೆ ಇರುವ ಸಾಲು, ಹಜಾರದ ಬದಿಯ ಸೀಟು, ತಲೆಯ ಮೇಲೆ ಚಾವಣಿ ಇರುವ ಸ್ಟ್ಯಾಂಡ್ ನೋಡಿ. ನಡೆಯಲು ಕಷ್ಟವಾಗುವವರಿಗೆ ಬೇರೆ ಸೀಟುಗಳಿರುತ್ತವೆ. ಆಟ ಮುಗಿದ ತಕ್ಷಣ ಸೇಂಟ್ ಜಾನ್ಸ್ ವುಡ್ ನಿಲ್ದಾಣಕ್ಕೆ ಓಡಬೇಡಿ. ಅರ್ಧ ಗಂಟೆ ಸೀಟಿನಲ್ಲೇ ಕೂತು, ಜನ ಕರಗಿದ ಮೇಲೆ ಹೊರಡಿ.

ಟಿಕೆಟ್ ಸಿಗದಿದ್ದರೂ ಬೇಸರಬೇಡ. ಪಂದ್ಯ ಇಲ್ಲದ ದಿನಗಳಲ್ಲಿ ಲಾರ್ಡ್ಸ್ ಒಳಗೆ ಕರೆದೊಯ್ದು ತೋರಿಸುವ ಪ್ರವಾಸ ಇದೆ. ವಸ್ತುಸಂಗ್ರಹಾಲಯದಲ್ಲಿ ಅಂಗೈಯಷ್ಟೇ ದೊಡ್ಡ ಆ್ಯಶಸ್ ಕುಡಿಕೆ, ಲಾಂಗ್ ರೂಮಿನ ಚಿತ್ರಗಳು, ಡ್ರೆಸ್ಸಿಂಗ್ ರೂಮಿನ ಗೋಡೆಯ ಮೇಲೆ ಶತಕ ಬಾರಿಸಿದವರ, ಐದು ವಿಕೆಟ್ ಕಿತ್ತವರ ಹೆಸರಿನ ಗೌರವ ಫಲಕಗಳು. ಅಲ್ಲಿ ಅಪ್ಪನಿಗೆ ಹುಡುಕಲು ಹೇಳಿ: 1979ರ ವಿಶ್ವನಾಥ್ 113, 1996ರಲ್ಲಿ ಐದು ವಿಕೆಟ್ ಕಿತ್ತ ವೆಂಕಟೇಶ್ ಪ್ರಸಾದ್, 2011ರ ದ್ರಾವಿಡ್ 103, 2021 ಮತ್ತು 2025ರ ಕೆ.ಎಲ್. ರಾಹುಲ್. ಪ್ರಸಾದ್ ಮಿಂಚಿದ ಆ 1996ರ ಟೆಸ್ಟೇ ದ್ರಾವಿಡರ ಮೊದಲ ಟೆಸ್ಟು. ಅಂದು 95ಕ್ಕೆ ಔಟಾದವರು ಫಲಕ ಹತ್ತಲು ಹದಿನೈದು ವರ್ಷ ಕಾದರು. 1983ರ ಜೂನ್ 25ರ ವಿಶ್ವಕಪ್ ಫೈನಲಿನಲ್ಲಿ ಬಿನ್ನಿ, ಕಿರ್ಮಾನಿ ನಿಂತು ಆಡಿದ ಹುಲ್ಲನ್ನು ಬೌಂಡರಿ ಗೆರೆಯಾಚೆಯಿಂದ ನೋಡಬಹುದು, ತುಳಿಯುವಂತಿಲ್ಲ.

ಓವಲ್ಲಿಗೆ ಕರೆದೊಯ್ದರೆ ಇನ್ನೊಂದು ಕಥೆ ಹೇಳಿ. 1971ರ ಆಗಸ್ಟ್ 24, ಗಣೇಶ ಚತುರ್ಥಿ. ಭಾರತೀಯ ಅಭಿಮಾನಿಗಳು ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಮರಿಯನ್ನು ಕರೆಸಿ ಇದೇ ಮೈದಾನದಲ್ಲಿ ಮೆರವಣಿಗೆ ಮಾಡಿಸಿದ್ದರು. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದ ಆ ಪಂದ್ಯವನ್ನು ಗೆದ್ದು ಭಾರತ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಜಯ ಕಂಡಿತು. ಪ್ರೇಕ್ಷಕರು ಆನೆ ತರಬಹುದಾಗಿದ್ದ ಕಾಲ ಅದು. ಈಗ ದೊಡ್ಡ ಚೀಲಕ್ಕೂ ಬಿಡುವುದಿಲ್ಲ.

ಗಡಿ ದಾಟಿ ನೋಡುವವರಿಗೆ

ಲಂಡನ್ನಿನಿಂದ ಪ್ಯಾರಿಸ್ಸಿಗೆ ರೈಲಿನಲ್ಲಿ ಎರಡೂಕಾಲು ಗಂಟೆ. ಆದರೆ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ನಿನ ವಾಸದ ಅನುಮತಿ ಇದ್ದರೂ ಫ್ರೆಂಚ್ ಓಪನ್ ನೋಡಲು ಷೆಂಗೆನ್ ವೀಸಾ ಬೇಕೇ ಬೇಕು. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುವವರು ಪ್ಯಾರಿಸ್ಸಿಗೆ ಸಲೀಸಾಗಿ ಹೋಗಬಹುದು, ಲಾರ್ಡ್ಸಿಗೆ ಬರಲು ಅವರಿಗೆ ಬ್ರಿಟನ್ ವೀಸಾ ಬೇಕು. ಷೆಂಗೆನ್‌ಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟವಾದ್ದರಿಂದ ಹಾಗೆ ಮಾಡುವುದೇ ಒಳ್ಳೆಯದು. ಪಂದ್ಯದ ಟಿಕೆಟ್ ಇದೆ ಎಂದ ಮಾತ್ರಕ್ಕೆ ವೀಸಾ ಕೊಡುವುದಿಲ್ಲ. ಫ್ರೆಂಚ್ ಓಪನ್ ಟಿಕೆಟ್ಟುಗಳ ಮೇಲೆ ಪ್ರೇಕ್ಷಕರ ಹೆಸರಿರುತ್ತದೆ, ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಕೊಡಿ. ಇನಿಷಿಯಲ್ಲು, ಊರಿನ ಹೆಸರು ಸೇರಿದ ನಮ್ಮ ಹೆಸರುಗಳಲ್ಲಿ ಗೊಂದಲ ಹೆಚ್ಚು.

ಅಮೆರಿಕದಲ್ಲಿ ಕೆಲಸದ ವೀಸಾದ ಮೇಲೆ ಇರುವವರು ಪಂದ್ಯಕ್ಕಾಗಿ ಕೆನಡಾಗೋ ಮೆಕ್ಸಿಕೋಗೋ ದಾಟುವ ಮೊದಲು ಪಾಸ್‌ಪೋರ್ಟಿನ ಸ್ಟ್ಯಾಂಪಿಂಗ್ ಅವಧಿ ನೋಡಿಕೊಳ್ಳಿ. ವಾಪಸು ಬರುವಾಗ ತೊಡಕಾಗಬಹುದು. ಅನುಮಾನವಿದ್ದರೆ ಕಂಪನಿಯ ವಲಸೆ ವಕೀಲರನ್ನು ಕೇಳಿಯೇ ಹೊರಡಿ.

ಕೊಲ್ಲಿ, ಆಸ್ಟ್ರೇಲಿಯಾ, ಅಮೆರಿಕ

ಅಲ್ಲೇ ವಾಸವಾಗಿರುವುದರ ಲಾಭಕ್ಕೆ ಕತಾರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2022ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಗುಂಪು ಹಂತದ ಪಂದ್ಯಗಳಿಗೆ 40 ರಿಯಾಲಿನ ಟಿಕೆಟ್ಟುಗಳನ್ನು ಕತಾರ್ ನಿವಾಸಿಗಳಿಗಾಗಿಯೇ ಮೀಸಲಿಟ್ಟಿದ್ದರು. ಹೊರಗಿನಿಂದ ಬಂದವರಿಗೆ ಅತಿ ಅಗ್ಗದ ಟಿಕೆಟ್ 69 ಡಾಲರ್. ದೋಹಾದ ಕನ್ನಡಿಗ ಚಾಲಕರೂ ಮೆಸ್ಸಿಯನ್ನು ನೋಡಲು ಸಾಧ್ಯವಾಗುವ ದರ ಅದು. ಯುಎಇಯಲ್ಲಿ ಇರುವವರು ಅಲ್ಲಿನ ಕಾನೂನನ್ನು ನೆನಪಿಡಿ. ಆಟದ ಅಂಗಳಕ್ಕೆ ನುಗ್ಗಿದರೆ, ಪಟಾಕಿಯಂಥ ನಿಷಿದ್ಧ ವಸ್ತು ತಂದರೆ ಮೂರು ತಿಂಗಳವರೆಗೆ ಜೈಲು, 5,000ದಿಂದ 30,000 ದಿರ್ಹಮ್ ದಂಡ. ಅಲ್ಲಿ ವೀಸಾವೇ ಬದುಕು. ಒಂದು ಸೆಲ್ಫಿಗಾಗಿ ಅದನ್ನು ಪಣಕ್ಕಿಡಬೇಡಿ.

ಮೆಲ್ಬರ್ನ್‌ನವರದು ಪುಣ್ಯ. ಲಕ್ಷ ಜನ ಹಿಡಿಯುವ ಎಂಸಿಜಿಯಲ್ಲಿ ಟಿಕೆಟ್ ಸಿಗುವ ಸಾಧ್ಯತೆ ಹೆಚ್ಚು. 2024ರ ಭಾರತ–ಆಸ್ಟ್ರೇಲಿಯಾ ಬಾಕ್ಸಿಂಗ್ ಡೇ ಟೆಸ್ಟನ್ನು ಐದು ದಿನಗಳಲ್ಲಿ ನೋಡಿದವರು 3,73,691 ಮಂದಿ. ಐದನೇ ದಿನವೂ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು.

ಅಮೆರಿಕದವರಿಗೆ 2024ರ ಟಿ20 ವಿಶ್ವಕಪ್ ಮುನ್ನುಡಿಯಾಗಿತ್ತು. ಡಲ್ಲಾಸಿನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದ ಅಮೆರಿಕ ತಂಡಕ್ಕೆ ಮೂರು ವಿಕೆಟ್ ತಂದುಕೊಟ್ಟವರು ನೋಸ್ತುಶ್ ಕೆಂಜಿಗೆ. ಅಲಬಾಮಾದಲ್ಲಿ ಹುಟ್ಟಿ ಚಿಕ್ಕಮಗಳೂರಿನಲ್ಲಿ ಬೆಳೆದ ಹುಡುಗ. ಮುಂದಿನ ದೊಡ್ಡ ದಿನಾಂಕ 2028ರ ಜುಲೈ. 1900ರ ಪ್ಯಾರಿಸ್ ಬಳಿಕ ಮೊದಲ ಬಾರಿಗೆ ಕ್ರಿಕೆಟ್ ಒಲಿಂಪಿಕ್ಸಿಗೆ ಮರಳುತ್ತಿದೆ, ಲಾಸ್ ಏಂಜಲೀಸ್ ಬಳಿಯ ಪೊಮೋನಾದಲ್ಲಿ. ಅದಕ್ಕೂ ಚೀಟಿ ಎತ್ತುವ ಪದ್ಧತಿಯೇ. ಕ್ಯಾಲಿಫೋರ್ನಿಯಾದಲ್ಲಿ ಮನೆ ಇರುವವರು ನೆಂಟರಿಗಾಗಿ ಈಗಲೇ ಹಾಸಿಗೆ ಲೆಕ್ಕ ಹಾಕಿಕೊಳ್ಳಬೇಕು.

ಹೊರಡುವ ಮುನ್ನ

• ಟಿಕೆಟ್ ಇರುವ ಆ್ಯಪ್‌ಗೆ ಮನೆಯಲ್ಲೇ ಲಾಗಿನ್ ಆಗಿ. ಮೈದಾನದ ಬಳಿ ಸಾವಿರಾರು ಫೋನುಗಳ ನಡುವೆ ಸಿಗ್ನಲ್ ಸಾಯುತ್ತದೆ.

• ಪೂರ್ತಿ ಚಾರ್ಜ್, ಜೊತೆಗೊಂದು ಪವರ್‌ಬ್ಯಾಂಕ್. ಫೋನ್ ಸತ್ತರೆ ಟಿಕೆಟ್ಟೂ ಸತ್ತಂತೆ.

• ನಗದಿಗಿಂತ ಕಾರ್ಡ್ ಒಯ್ಯಿರಿ. ಹಲವು ಮೈದಾನಗಳಲ್ಲಿ ನೋಟು ತೆಗೆದುಕೊಳ್ಳುವುದೇ ಇಲ್ಲ.

• ರೈಲು ಮುಷ್ಕರ, ವಾರಾಂತ್ಯದ ಟ್ಯೂಬ್ ದುರಸ್ತಿ ಇದೆಯೇ ಎಂದು ಹಿಂದಿನ ರಾತ್ರಿ ನೋಡಿ.

• ಮಕ್ಕಳ ಅಂಗಿಯ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ.

• ಔಷಧಿ ಒಯ್ಯಬೇಕಾದವರು ವೈದ್ಯರ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ.

ಕೊನೆಗೊಂದು ಮಾತು. ಕೆಲಸ ಬದಲಾಗುತ್ತದೆ, ವೀಸಾ ಮುಗಿಯುತ್ತದೆ, ಮಕ್ಕಳ ಶಾಲೆಗೆಂದು ಊರು ಬದಲಿಸುತ್ತೇವೆ, ಎಷ್ಟೋ ಜನ ಬೆಂಗಳೂರಿಗೇ ವಾಪಸಾಗುತ್ತೇವೆ. ಹತ್ತು ವರ್ಷ ಲಂಡನ್ನಿನಲ್ಲಿದ್ದು ಲಾರ್ಡ್ಸನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವರನ್ನು ನಾನು ಬಲ್ಲೆ. ಅವರಿಗೆ ದುಡ್ಡಿನ ಕೊರತೆ ಇರಲಿಲ್ಲ. ‘ಮುಂದಿನ ವರ್ಷ ನೋಡೋಣ’ ಎನ್ನುತ್ತಲೇ ಇದ್ದರು. ಫೈನಲ್ ಬೇಡ, ಒಂದು ನಾಲ್ಕನೇ ದಿನ, ಒಂದು ಗ್ರೌಂಡ್ ಪಾಸು, ಒಂದು ಲೀಗ್ ಪಂದ್ಯ ಸಾಕು. ನಿಮ್ಮ ಊರಿನ ಮೈದಾನದ ಬ್ಯಾಲಟ್ ಯಾವಾಗ ತೆರೆಯುತ್ತದೆ ಎಂದು ಇವತ್ತೇ ನೋಡಿ, ಆ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ.